ಚಂದ್ರನ ಮೇಲಿನ ನೆರಳು

ಚಿತ್ರ ಬರೆಯುವುದು ಕೈಯ ಕೆಲಸ ಎಂದು ನಾವು ತಿಳಿದಿದ್ದೇವೆ. “ನನಗೆ ನೆಟ್ಟಗೆ ಒಂದು ಗೆರೆ ಎಳೆಯಲೂ ಬರುವುದಿಲ್ಲ” ಎಂದು ಶಾಲೆಯಲ್ಲಿಯೇ ಪೆನ್ಸಿಲ್ ಕೆಳಗಿಟ್ಟವರು ಬಹಳ ಮಂದಿ. ನೀವೂ ಅವರಲ್ಲಿ ಒಬ್ಬರಾಗಿದ್ದರೆ ಈ ಕಥೆ ಕೇಳಿ. ಚಿತ್ರಕಲೆ ಮೊದಲು ಕಲಿಸುವುದು ಕಣ್ಣಿಗೆ, ಆಮೇಲೆ ಕೈಗೆ ಎನ್ನುವುದಕ್ಕೆ ವಿಜ್ಞಾನದ ಚರಿತ್ರೆಯಲ್ಲಿಯೇ ಸಾಕ್ಷ್ಯವಿದೆ.

1609ರ ಆಗಸ್ಟ್ 5. ಲಂಡನ್ನಿನ ಸಮೀಪದ ಸಯನ್ ಹೌಸ್‌ನಲ್ಲಿ ತಾಮಸ್ ಹ್ಯಾರಿಯಟ್ ಎಂಬ ಗಣಿತಜ್ಞ, ಆರು ಪಟ್ಟು ಹಿಗ್ಗಿಸುವ ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಚಿತ್ರ ಬರೆದ. ದೂರದರ್ಶಕದಲ್ಲಿ ಕಂಡ ಚಂದ್ರನ ಚಿತ್ರಗಳಲ್ಲಿ ನಮಗೆ ಉಳಿದುಬಂದಿರುವ ಮೊದಲನೆಯದು ಇದು. ಅದರಲ್ಲಿ ಬೆಳಕು ಕತ್ತಲೆಗಳ ಗಡಿ ಅಂಕುಡೊಂಕಾಗಿದೆ. ಕೆಲವು ಕಪ್ಪು ಕಲೆಗಳಿವೆ. ಬೆಟ್ಟವಿಲ್ಲ, ಕುಳಿಯಿಲ್ಲ. ಆಕಾಶಕಾಯಗಳೆಲ್ಲ ನುಣುಪಾದ ಪರಿಪೂರ್ಣ ಗೋಳಗಳು ಎಂಬ ಅರಿಸ್ಟಾಟಲನ ಮಾತನ್ನು ವಿದ್ವಾಂಸರು ಇನ್ನೂ ನಂಬಿದ್ದ ಕಾಲ ಅದು.

ಅದೇ ವರ್ಷದ ನವೆಂಬರ್ 30ರಿಂದ ಇಟಲಿಯ ಪಡುವಾದಲ್ಲಿ ಗೆಲಿಲಿಯೊ ಚಂದ್ರನನ್ನು ನೋಡತೊಡಗಿದ. ಅವನ ದೂರದರ್ಶಕ ಸುಮಾರು ಇಪ್ಪತ್ತು ಪಟ್ಟು ಹಿಗ್ಗಿಸುತ್ತಿತ್ತು. ಅವನು ಕಂದು ಬಣ್ಣವನ್ನು ನೀರಿನಲ್ಲಿ ತೆಳುಮಾಡಿ ಕುಂಚದಿಂದ ಬರೆದ ಚಿತ್ರಗಳು ಇಂದಿಗೂ ಫ್ಲಾರೆನ್ಸಿನ ಗ್ರಂಥಾಲಯದಲ್ಲಿವೆ. ಕತ್ತಲೆಯ ಭಾಗದಲ್ಲಿ, ಗಡಿಯಿಂದ ಆಚೆ, ಸಣ್ಣ ಬೆಳಕಿನ ಚುಕ್ಕೆಗಳು ಅವನಿಗೆ ಕಂಡವು. ಗಂಟೆಗಳು ಕಳೆದಂತೆ ಅವು ಹಿಗ್ಗಿ ಬೆಳಕಿನ ಭಾಗವನ್ನು ಸೇರಿದವು. ಕಣಿವೆ ಇನ್ನೂ ಕತ್ತಲಲ್ಲಿರುವಾಗ ಬೆಟ್ಟದ ನೆತ್ತಿಗೆ ಮುಂಜಾನೆಯ ಬಿಸಿಲು ಬೀಳುವುದಿಲ್ಲವೇ? ಇದೂ ಹಾಗೆಯೇ ಎಂದು ಅವನು ತರ್ಕಿಸಿದ. ಗಡಿಯಿಂದ ಚುಕ್ಕೆಗಿರುವ ದೂರವನ್ನು ಹಿಡಿದು, ಆ ಬೆಟ್ಟಗಳು ನಾಲ್ಕು ಇಟಾಲಿಯನ್ ಮೈಲಿಗಿಂತಲೂ ಎತ್ತರ ಎಂದು ಲೆಕ್ಕ ಹಾಕಿದ. 1610ರ ಮಾರ್ಚಿನಲ್ಲಿ ಅವನ ‘ಸಿಡೇರಿಯಸ್ ನುನ್ಸಿಯಸ್’ ವೆನಿಸ್ಸಿನಲ್ಲಿ ಅಚ್ಚಾಯಿತು.

ಇದು ಮಸೂರದ ಬಲವಷ್ಟೇ ಎಂದು ನೀವು ಕೇಳಬಹುದು. ಮಸೂರದ ಪಾಲು ಖಂಡಿತ ಇದೆ. ಆದರೆ ವೇಲ್ಸ್‌ನಲ್ಲಿದ್ದ ಹ್ಯಾರಿಯಟ್‌ನ ಗೆಳೆಯ ವಿಲಿಯಂ ಲೋವರ್ ಬರೆದ ಪತ್ರಗಳನ್ನು ನೋಡಿ. ಮೊದಲು ಅವನಿಗೆ ಚಂದ್ರ ತನ್ನ ಅಡುಗೆಯವರು ಮಾಡಿದ ಹಣ್ಣಿನ ಕಡುಬಿನಂತೆ, ಅಲ್ಲಲ್ಲಿ ಬೆಳ್ಳಗೆ ಅಲ್ಲಲ್ಲಿ ಕಪ್ಪಗೆ, ಕಂಡಿತ್ತು. ಗೆಲಿಲಿಯೊನ ಸುದ್ದಿ ತಿಳಿದ ಮೇಲೆ 1610ರಲ್ಲಿ ಬರೆದ ಪತ್ರದಲ್ಲಿ ಅವನು ಹೇಳಿದ್ದು ಇಷ್ಟು: ಕಲೆಗಳನ್ನು ತಾನೂ ಕಂಡಿದ್ದ, ಅವುಗಳಲ್ಲಿ ಕೆಲವು ನೆರಳಾಗಿರಬಹುದೆಂದು ಹೊಳೆದಿರಲಿಲ್ಲ.

ಗೆಲಿಲಿಯೊಗೆ ಹೊಳೆದದ್ದು ಹೇಗೆ? ಅವನು ಬೆಳೆದ ಫ್ಲಾರೆನ್ಸಿನಲ್ಲಿ 1563ರಿಂದಲೇ ಚಿತ್ರಕಲೆಯ ಅಕಾಡೆಮಿ ಇತ್ತು. ಗೋಳದ ಮೇಲೆ ಉಬ್ಬುಗಳನ್ನಿಟ್ಟು, ಒಂದೊಂದರ ನೆರಳನ್ನೂ ಅಳೆದು ಬರೆಯುವುದು ಅಲ್ಲಿನ ಕಲಾವಿದರಿಗೆ ತಿಳಿದ ವಿದ್ಯೆ. ಲೊರೆಂಜೊ ಸಿರಿಗಾಟಿಯ 1596ರ ಪುಸ್ತಕದಲ್ಲಿ ಅಂಥ ಗೋಳಗಳ ಚಿತ್ರಗಳಿವೆ. ತನ್ನ ಇಚ್ಛೆಯಂತೆ ನಡೆದಿದ್ದರೆ ಗೆಲಿಲಿಯೊ ಚಿತ್ರಕಾರನಾಗುತ್ತಿದ್ದನೆಂದು ಅವನ ಶಿಷ್ಯ ವಿವಿಯಾನಿ ಬರೆದಿದ್ದಾನೆ. 1613ರಲ್ಲಿ ಆ ಅಕಾಡೆಮಿಯೇ ಅವನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು.

ಸ್ಟುಡಿಯೋದಲ್ಲಿ ಕೆಲಸ ಮಾಡುವ ನಮಗೆ ಇದು ದಿನನಿತ್ಯದ ಪಾಠ. ಮುಖಕ್ಕೆ ನೇರವಾಗಿ ದೀಪ ಹಾಕಿದರೆ ಮುಖ ತಟ್ಟೆಯಂತೆ ಕಾಣುತ್ತದೆ. ಪಕ್ಕದಿಂದ ಹಾಕಿದರೆ ಮೂಗು, ಗಲ್ಲ, ಸುಕ್ಕು ಎಲ್ಲವೂ ಏಳುತ್ತವೆ. ಹುಣ್ಣಿಮೆಯ ಚಂದ್ರ ಚಪ್ಪಟೆಯಾಗಿ ಕಾಣುವುದೂ, ಅಷ್ಟಮಿಯ ಚಂದ್ರನ ಗಡಿಯಲ್ಲಿ ಕುಳಿಗಳು ಎದ್ದು ಕಾಣುವುದೂ ಇದೇ ಕಾರಣಕ್ಕೆ.

ಹ್ಯಾರಿಯಟ್ 1610ರ ಜುಲೈನಲ್ಲಿ ಮತ್ತೆ ಚಂದ್ರನನ್ನು ಬರೆದ. ಈ ಬಾರಿ ಕುಳಿಗಳಿವೆ! ಆ ವೇಳೆಗೆ ಅವನ ದೂರದರ್ಶಕವೂ ಸುಧಾರಿಸಿತ್ತು, ಗೆಲಿಲಿಯೊನ ಸುದ್ದಿಯೂ ತಲುಪಿತ್ತು. ಏನನ್ನು ನೋಡಬೇಕೆಂದು ತಿಳಿದ ಕಣ್ಣಿಗೆ ಕಂಡೇ ಕಂಡಿತು. ನಮ್ಮ ಶಾಲೆಗಳಲ್ಲಿ ಪರೀಕ್ಷೆ ಹತ್ತಿರವಾದಾಗ ಚಿತ್ರಕಲೆಯ ಪೀರಿಯಡ್ಡು ಲೆಕ್ಕದ ಮೇಷ್ಟರ ಪಾಲಾಗುವುದುಂಟು. ಆಗ ಮಕ್ಕಳು ಕಳೆದುಕೊಳ್ಳುವುದು ಬಣ್ಣದ ಆಟವನ್ನಷ್ಟೇ ಅಲ್ಲ.

ಇಂದು ರಾತ್ರಿ ನೀವೇ ಪ್ರಯೋಗ ಮಾಡಿ. ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ ಒಂದು ಮೊಟ್ಟೆ ಇಡಿ. ಪಕ್ಕದಲ್ಲಿ ಒಂದೇ ದೀಪ ಸಾಕು. ಮೊಟ್ಟೆಯ ಅಂಚಿನ ಗೆರೆ ಬರೆಯಬೇಡಿ. ಅದು ನಿಮ್ಮ ತಲೆಯಲ್ಲಿರುವ ಮೊಟ್ಟೆ. ಕಣ್ಣನ್ನು ಅರ್ಧ ಮುಚ್ಚಿ, ಕಪ್ಪು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಮಾತ್ರ ಪೆನ್ಸಿಲಿನಿಂದ ತುಂಬಿ. ಸ್ವಲ್ಪ ಹೊತ್ತಿಗೆ ಒಂದು ವಿಚಿತ್ರ ಕಾಣುತ್ತದೆ: ನೆರಳಿನ ಭಾಗದ ತೀರಾ ಕೆಳಗೆ ಮಂದವಾದ ಬೆಳಕಿದೆ. ಅದು ಬಟ್ಟೆಯಿಂದ ಪ್ರತಿಫಲಿಸಿ ಬಂದದ್ದು.

ಬಿದಿಗೆ ತದಿಗೆಯ ಸಂಜೆ ಚಂದ್ರನನ್ನು ನೋಡಿ. ತೆಳು ಕೊಂಬಿನ ಒಳಗೆ ಉಳಿದ ಭಾಗವೂ ಮಸುಕಾಗಿ ಕಾಣುತ್ತದೆ. ಅದು ಭೂಮಿಯಿಂದ ಪ್ರತಿಫಲಿಸಿ ಚಂದ್ರನನ್ನು ಮುಟ್ಟಿದ ಬೆಳಕು ಎಂದು ಗೆಲಿಲಿಯೊ ಅದೇ ಪುಸ್ತಕದಲ್ಲಿ ವಿವರಿಸಿದ. ಮೊಟ್ಟೆಯನ್ನು ನೋಡಿ ಬರೆದ ನಿಮಗೆ ಆ ವಿವರಣೆ ಬೇಕಾಗಲಾರದು.