ಆಶ್‌ವೆಲ್ ಚರ್ಚಿನ ಗೋಡೆಬರಹ

ನಾನು ಪ್ರೌಢಶಾಲೆಯಲ್ಲಿ ಚರಿತ್ರೆ ಬೋಧಿಸುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನ ಮಧ್ಯಯುಗವೆಂದರೆ ಅರಸರ ಹೆಸರುಗಳು ಮತ್ತು ಯುದ್ಧಗಳ ಇಸವಿಗಳು. ಯೂರೋಪನ್ನು ನಡುಗಿಸಿದ ಮಹಾಮಾರಿಯ ವಿಷಯವನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ನನ್ನ ಶಿಷ್ಯರಲ್ಲಿ ಕೆಲವರಿಗಾದರೂ ಇದು ನೆನಪಿರಬಹುದು. ಆ ನಾಲ್ಕು ಮಾತು ಎಷ್ಟು ಸಾಲದೆಂಬುದು ತಿಳಿದದ್ದು ನಿವೃತ್ತನಾದ ಮೇಲೆ, ಕೇಂಬ್ರಿಜ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ.

ಒಂದು ಭಾನುವಾರ ಮಧ್ಯಾಹ್ನ ಮಗಳು, ಅಳಿಯ ನಮ್ಮಿಬ್ಬರನ್ನೂ ಹರ್ಟ್‌ಫರ್ಡ್‌ಶೈರಿನ ಆಶ್‌ವೆಲ್ ಎಂಬ ಹಳ್ಳಿಗೆ ಕರೆದೊಯ್ದರು. ಆಶ್ ಮರಗಳ ನಡುವೆ ಉಕ್ಕುವ ಬುಗ್ಗೆಯಿಂದ ಊರಿಗೆ ಆ ಹೆಸರು. ಕೇಂಬ್ರಿಜ್‌ನ ಕ್ಯಾಮ್ ನದಿಯನ್ನು ಸೇರುವ ಒಂದು ಹೊಳೆ ಅಲ್ಲಿಯೇ ಹುಟ್ಟುತ್ತದೆ. ನೀರು ತಿಳಿಯಾಗಿ, ತಣ್ಣಗಿತ್ತು. ಆದರೆ ನನ್ನ ಕಣ್ಣನ್ನು ಹಿಡಿದದ್ದು ಮನೆಗಳ ಮೇಲೆ ಎದ್ದು ನಿಂತ ಸಂತ ಮೇರಿಯ ಚರ್ಚಿನ ಗೋಪುರ. ಸೀಸದ ತಗಡು ಹೊದಿಸಿದ ಚೂಪಾದ ಶಿಖರವೂ ಸೇರಿ ಅದರ ಎತ್ತರ 176 ಅಡಿ.

ಇಷ್ಟು ಚಿಕ್ಕ ಊರಿಗೆ ಇಷ್ಟು ದೊಡ್ಡ ಚರ್ಚೇಕೆ ಎಂದು ನಾನು ಕೇಳಿದೆ. ಉತ್ತರ ಚರಿತ್ರೆಯಲ್ಲಿದೆ. 1086ರಲ್ಲಿ ವಿಲಿಯಂ ದೊರೆ ಮಾಡಿಸಿದ ಡೂಮ್ಸ್‌ಡೇ ಲೆಕ್ಕದ ಪುಸ್ತಕದಲ್ಲಿ ಆಶ್‌ವೆಲ್ ಒಂದು ಪಟ್ಟಣವೆಂದೇ ದಾಖಲಾಗಿದೆ. ಅಲ್ಲಿಯ ಜಮೀನಿನ ಒಡೆತನ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮಠದ್ದು. ಪ್ಯಾರಿಷ್ ಚರ್ಚೆಂದರೆ ಒಂದು ಊರಿನ ಎಲ್ಲ ಮನೆಗಳಿಗೂ ಸೇರಿದ ಚರ್ಚು. ಮಗುವಿನ ಜ್ಞಾನಸ್ನಾನದಿಂದ ಹಿಡಿದು ಹೆಣದ ಸಂಸ್ಕಾರದವರೆಗೆ ಎಲ್ಲವೂ ಅಲ್ಲಿಯೇ. ಪೂರ್ವದಲ್ಲಿರುವ ಪೂಜಾಸ್ಥಾನದ ದುರಸ್ತಿ ಪಾದ್ರಿಯ ಹೊಣೆ, ಜನ ಸೇರುವ ನಡುಭಾಗದ ದುರಸ್ತಿ ಊರವರ ಹೊಣೆ ಎಂಬುದು ಮಧ್ಯಯುಗದ ಇಂಗ್ಲೆಂಡಿನ ಕಟ್ಟಳೆಯಾಗಿತ್ತು.

ಇಂಗ್ಲೆಂಡಿನ ಹಳೆಯ ಚರ್ಚುಗಳ ವಯಸ್ಸನ್ನು ಕಮಾನು, ಕಿಟಕಿಗಳನ್ನು ನೋಡಿ ಸ್ಥೂಲವಾಗಿ ಹೇಳಬಹುದು. ನಾರ್ಮನ್ನರ ಕಾಲದಲ್ಲಿ, ಅಂದರೆ 11 ಮತ್ತು 12ನೆಯ ಶತಮಾನಗಳಲ್ಲಿ, ಗೋಡೆಗಳು ದಪ್ಪ, ಕಮಾನುಗಳು ಅರ್ಧವೃತ್ತ, ಕಿಟಕಿಗಳು ಕಿರಿದು. ಅನಂತರ ಬಂದ ಗಾಥಿಕ್ ಶೈಲಿಯಲ್ಲಿ ಕಮಾನಿನ ನೆತ್ತಿ ಮೊನಚಾಯಿತು. ಭಾರವನ್ನು ಕಂಬಗಳೂ ಹೊರಗಿನ ಆಸರೆಗೋಡೆಗಳೂ ಹೊತ್ತುದರಿಂದ ಕಿಟಕಿಗಳು ಅಗಲವಾದವು. 14ನೆಯ ಶತಮಾನದ ಮೊದಲ ಭಾಗದಲ್ಲಿ ಕಿಟಕಿಯ ಕಲ್ಲಿನ ಜಾಲರಿ ಬಳ್ಳಿಯಂತೆ ಬಳುಕುತ್ತಿತ್ತು. ಮುಂದೆ ಅದು ಮೇಲಕ್ಕೆ ನೇರವಾಗಿ ಏರುವ ಗೆರೆಗಳಾಯಿತು. ಆಶ್‌ವೆಲ್ಲಿನ ಚರ್ಚು ಬಹುಪಾಲು ಎದ್ದದ್ದು ಈ ಬದಲಾವಣೆಯ ಕಾಲದಲ್ಲಿ. ಒಳಗೆ ಕಾಲಿಟ್ಟೊಡನೆ ಎತ್ತರವೂ ಬೆಳಕೂ ನಮ್ಮನ್ನು ಸುಮ್ಮನಾಗಿಸಿದವು.

ಕಟ್ಟಡದ ಕಲ್ಲಿಗೆ ಅಲ್ಲಿಯವರು ಕ್ಲಂಚ್ ಎನ್ನುತ್ತಾರೆ. ಅದು ಸೀಮೆಸುಣ್ಣದ ಜಾತಿಗೆ ಸೇರಿದ ಮೆದುವಾದ ಕಲ್ಲು. ಬದುಕಿನ ಬಹುಭಾಗವನ್ನು ಸೀಮೆಸುಣ್ಣ ಹಿಡಿದೇ ಕಳೆದ ನನಗೆ ಇದನ್ನು ಕೇಳಿ ನಗು ಬಂತು. ಕೆತ್ತಲು ಸುಲಭವಾದ ಈ ಕಲ್ಲು ಮಳೆಗಾಳಿಗೆ ಅಷ್ಟೇ ಸುಲಭವಾಗಿ ಸವೆಯುತ್ತದೆ. ಗೋಪುರದ ಹೊರಮೈ ಅದಕ್ಕೆ ಸಾಕ್ಷಿ. ಒಳಗೋಡೆಯ ಮೇಲಾದರೋ ಒಂದು ಮೊಳೆಯಿದ್ದರೂ ಸಾಕು, ಅಕ್ಷರ ಮೂಡುತ್ತದೆ. ಹಾಗೆ ಮೂಡಿದ ಅಕ್ಷರಗಳೇ ಈ ಚರ್ಚನ್ನು ಪ್ರಸಿದ್ಧಗೊಳಿಸಿವೆ.

1348ರ ಬೇಸಿಗೆಯಲ್ಲಿ ಮಹಾಮಾರಿ ಇಂಗ್ಲೆಂಡಿನ ದಕ್ಷಿಣ ತೀರದ ಬಂದರಿಗೆ ಬಂದಿಳಿಯಿತು. ಎರಡು ವರ್ಷಗಳೊಳಗೆ ದೇಶದ ಜನರಲ್ಲಿ ಮೂರರಲ್ಲೊಂದು ಪಾಲಿನಿಂದ ಅರ್ಧದಷ್ಟು ಮಂದಿ ಸತ್ತರೆಂದು ಇತಿಹಾಸಕಾರರ ಅಂದಾಜು. ಆಶ್‌ವೆಲ್ಲಿನ ಗೋಪುರದ ಉತ್ತರದ ಒಳಗೋಡೆಯಲ್ಲಿ ಲ್ಯಾಟಿನ್ ಭಾಷೆಯಲ್ಲಿ ಕೊರೆದ ಕೆಲವು ಸಾಲುಗಳಿವೆ. ಸಾವಿರ, ಮೂರು ನೂರು, ಐದು ಹತ್ತು ಎಂದು ಇಸವಿಯನ್ನು ಬಿಡಿಸಿ ಬರೆದು, ಆಗ ಬಂದ ಮಾರಿಯ ಕ್ರೌರ್ಯವನ್ನೂ, ಸಾಕ್ಷಿ ನುಡಿಯಲು ದೀನಜನ ಮಾತ್ರ ಉಳಿದರೆಂಬುದನ್ನೂ ಅದು ಹೇಳುತ್ತದೆ. ಕೊನೆಯಲ್ಲಿ 1361ರಲ್ಲಿ ಸಂತ ಮಾರಸ್‌ನ ದಿನ ಬೀಸಿದ ಬಿರುಗಾಳಿಯ ಮಾತಿದೆ. ಆ ದಿನವೆಂದರೆ ಜನವರಿ 15. ಆಗಿನ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿದ್ದುದರಿಂದ ನಮ್ಮ ಲೆಕ್ಕಕ್ಕೆ ಅದು 1362. ನಾರ್ವಿಚ್ ಮಹಾದೇವಾಲಯದ ಶಿಖರ ಉರುಳಿದ್ದು ಆ ಬಿರುಗಾಳಿಗೇ. 1361ರಲ್ಲಿ ಮಾರಿಯೂ ಎರಡನೆಯ ಬಾರಿ ಬಂದಿತ್ತು. ಆ ಸಲ ಬಲಿಯಾದವರಲ್ಲಿ ಮಕ್ಕಳೇ ಹೆಚ್ಚು.

ಅದೇ ಗೋಡೆಯ ಮೇಲೆ ಒಂದು ದೊಡ್ಡ ಚರ್ಚಿನ ಚಿತ್ರವೂ ಇದೆ. 1666ರ ಬೆಂಕಿಯಲ್ಲಿ ನಾಶವಾದ ಲಂಡನ್ನಿನ ಹಳೆಯ ಸೇಂಟ್ ಪಾಲ್ಸ್ ಅದೆಂದು ವಿದ್ವಾಂಸರು ಭಾವಿಸುತ್ತಾರೆ. ಇನ್ನೊಂದು ಕಡೆ, ಮೂಲೆಗಳನ್ನು ಸರಿಯಾಗಿ ಜೋಡಿಸಿಲ್ಲವೆಂದು ಸಿಟ್ಟಾದವನೊಬ್ಬ ಆ ಕೆಲಸಕ್ಕೆ ಉಗಿಯುತ್ತೇನೆಂದು ಗೀರಿದ್ದಾನೆ! ಮಾರಿಯ ವಿಷಯ ಬರೆದಾತ ತನ್ನ ಹೆಸರನ್ನು ಮಾತ್ರ ಬರೆದಿಲ್ಲ. ಅರಸನ ಅಪ್ಪಣೆಯಿಂದ ಕೆತ್ತಿಸಿದ ಶಾಸನವಲ್ಲ ಅದು. ಕಂಡದ್ದನ್ನು ಹೇಳದೆ ಇರಲಾರದವನೊಬ್ಬನ ಬರಹ.

ಆ ಗೋಡೆಯ ಮುಂದೆ ನಿಂತಾಗ ನನ್ನ ಮನಸ್ಸು 2003ಕ್ಕೆ ಹೋಯಿತು. ಕರ್ನಾಟಕಕ್ಕೆ ಸತತವಾಗಿ ಮೂರನೆಯ ವರ್ಷ ಬರಗಾಲ. ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೈವಾರದ ಮೊನೆಯಿಂದ ಗೋಡೆಯ ಮೇಲೆ ಇಸವಿ ಬರೆದು, ‘ಮಳೆ ಇಲ್ಲ, ಎತ್ತು ಮಾರಿದೆವು’ ಎಂದು ಕೊರೆದಿದ್ದ. ಶಾಲೆಯ ಗೋಡೆ ಕೆಡಿಸಿದನೆಂದು ನಾನು ಅವನ ಅಂಗೈಗೆ ಎರಡು ಏಟು ಕೊಟ್ಟೆ. ಅವನ ಕೈಯಿಂದಲೇ ಅದರ ಮೇಲೆ ಸುಣ್ಣ ಬಳಿಸಿದೆ. ಅವನು ಒಂದು ಮಾತನ್ನೂ ಆಡಲಿಲ್ಲ. ಮರುವರ್ಷ ಶಾಲೆಗೆ ಬರಲೂ ಇಲ್ಲ. ಮನೆಯವರೆಲ್ಲ ಕೂಲಿಗೆಂದು ಊರು ಬಿಟ್ಟರೆಂದು ಯಾರೋ ಹೇಳಿದರು. ಆ ವಾರ ನಾನು ತರಗತಿಯಲ್ಲಿ ಬೋಧಿಸುತ್ತಿದ್ದ ಪಾಠ ‘ಇತಿಹಾಸದ ಆಧಾರಗಳು’.

ಗೋಡೆಯ ಮೇಲೆ ಗೀಚುವುದು ಸರಿಯೆಂದು ನಾನು ಹೇಳುತ್ತಿಲ್ಲ. ಆದರೆ ಬೆತ್ತ ಎತ್ತುವ ಮೊದಲು ಬರೆದದ್ದೇನೆಂದು ಓದಬೇಕಿತ್ತು. ಓದಿದ ಮೇಲೆ ಅವನ ಮನೆಗೆ ಹೋಗಿ ಬರಬೇಕಿತ್ತು. ಚರಿತ್ರೆಯ ಮೇಷ್ಟ್ರಾಗಿದ್ದೂ ಎರಡನ್ನೂ ಮಾಡಲಿಲ್ಲ.

ಆ ಹುಡುಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಸಹಪಾಠಿಗಳು ಇದನ್ನು ಓದಿದರೆ ಯಾರೆಂದು ಬಲ್ಲರು. ಈಗ ಅವನು ಎಲ್ಲಿದ್ದಾನೆಂದು ಗೊತ್ತಿದ್ದವರು ದಯಮಾಡಿ ನನಗೆ ತಿಳಿಸಿ. ನಾನೇ ಹೋಗಿ ನೋಡಿ ಬರುತ್ತೇನೆ.