ಹಳೆಯ ಸಫಾರಿ, ಸ್ಕಾರ್ಪಿಯೊ: ಪವರ್ ಸ್ಟೀರಿಂಗ್ ತೊಂದರೆಗಳು

1998ರಲ್ಲಿ ಬಂದ ಟಾಟಾ ಸಫಾರಿ, 2002ರಲ್ಲಿ ಬಂದ ಮಹೀಂದ್ರ ಸ್ಕಾರ್ಪಿಯೊಗಳ ಹಳೆಯ ಗಾಡಿಗಳಲ್ಲಿ ಇರುವುದು ಹೈಡ್ರಾಲಿಕ್ ಪವರ್ ಸ್ಟೀರಿಂಗ್. ಇಂಜಿನ್ ಬೆಲ್ಟಿನಿಂದ ತಿರುಗುವ ಪಂಪು ಆಯಿಲ್‌ಗೆ ಒತ್ತಡ ಕೊಡುತ್ತದೆ. ಆ ಒತ್ತಡವೇ ಚಾಲಕನ ಕೈಗೆ ನೆರವು.

ಸ್ಟೀರಿಂಗ್ ಭಾರವಾದರೆ ಮೊದಲು ಟಯರಿನ ಗಾಳಿ ನೋಡಿ, ಖರ್ಚಿಲ್ಲದ ಕೆಲಸ. ತಿರುಗಿಸುವಾಗ ಕಿರ್ರೆಂದರೆ ಸಾಮಾನ್ಯವಾಗಿ ಬೆಲ್ಟ್ ಸಡಿಲ. ಗುಂಯ್‌ಗುಟ್ಟಿದರೆ ಆಯಿಲ್ ಕಡಿಮೆಯಾಗಿರಬಹುದು. ಆಯಿಲ್‌ನಲ್ಲಿ ನೊರೆ ಕಂಡರೆ ಗಾಳಿ ಸೇರಿದೆ. ಬರೇ ಆಯಿಲ್ ತುಂಬಿ ಸುಮ್ಮನಾಗುವುದು ಸರಿಯಲ್ಲ. ಹೋಸ್, ಸೀಲುಗಳಲ್ಲಿ ಎಲ್ಲಿ ಜಿನುಗುತ್ತಿದೆ ಎಂದು ಮೆಕ್ಯಾನಿಕ್‌ಗೆ ತೋರಿಸಬೇಕು.

ತಾಳವಾಡಿ ಕಡೆಯಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಡೀಸೆಲ್ ಉಳಿಸಲೆಂದು ಇಂಥ ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಲೇಬಾರದು. ಪಂಪು ನಿಂತಾಗ ಸ್ಟೀರಿಂಗ್ ತಿರುಗುತ್ತದೆ, ಆದರೆ ಬಹಳ ಭಾರ. ನಾಲ್ಕಾರು ಸಲ ಒತ್ತುವಷ್ಟರಲ್ಲಿ ಬ್ರೇಕಿನ ವ್ಯಾಕ್ಯೂಮ್ ನೆರವೂ ಮುಗಿದುಹೋಗುತ್ತದೆ.