ಬೊಳ್ಳ ಬಂದಾಗ ಯಾರು ನೆಂಟರು?

ತುಳುವಿನಲ್ಲಿ ಬೊಳ್ಳವೆಂದರೆ ನೆರೆ. ಬಂಟ್ವಾಳ ಪೇಟೆಯ ಹಿರಿಯ ಹೆಂಗಸರು ಮದುವೆ, ಬಾಣಂತನಗಳ ಲೆಕ್ಕ ಹೇಳುವಾಗ 'ಬೊಳ್ಳಕ್ಕೆ ಮುಂಚೆ', 'ಬೊಳ್ಳ ಕಳೆದ ಮೇಲೆ' ಎನ್ನುವುದುಂಟು. ನೇತ್ರಾವತಿ ಪೇಟೆಯೊಳಗೇ ಬಂದ 1974ರ ಜುಲೈ ತಿಂಗಳದು ಆ ಲೆಕ್ಕ. ಅವರ ಹಿಂದಿನವರಿಗೆ 1923ರ ನೆರೆಯೇ ಗುರುತು.

ಇನ್ನೂ ಹಿಂದೆ, 16ನೇ ಶತಮಾನದಲ್ಲಿ, ಈ ಸೀಮೆಯ ಭಯವೇ ಬೇರೆ. ಪೋರ್ಚುಗೀಸರು ಕಡಲಿನಿಂದ ಬರುತ್ತಿದ್ದರು. ಮೂಡುಬಿದಿರೆಯ ಚೌಟರಿಗೂ, ಬೆಳ್ತಂಗಡಿ ಕಡೆಯ ಬಂಗಾಡಿ, ಬಂಟ್ವಾಳದ ನಂದಾವರಗಳಲ್ಲಿ ನೆಲೆಸಿದ್ದ ಬಂಗರಿಗೂ ರಾಜಕಾರಣವೆಂದರೆ ನೆಂಟಸ್ತಿಕೆಯೂ ಹೌದು. ಚೌಟರ ಮನೆಯ ಉಳ್ಳಾಲದ ರಾಣಿ ಅಬ್ಬಕ್ಕನನ್ನು ಬಂಗರಸನಿಗೆ ಕೊಟ್ಟಿದ್ದರೆಂದೂ, ಆ ಸಂಬಂಧ ಮುರಿದುಬಿತ್ತೆಂದೂ ಹೇಳುತ್ತಾರೆ. ಪೋರ್ಚುಗೀಸರೆದುರು ಅವಳ ಜತೆ ನಿಂತದ್ದು ಕಲ್ಲಿಕೋಟೆಯ ಸಾಮೂದಿರಿ. ಮಳೆಗಾಲವೂ ಆಗ ನಮ್ಮ ಪಕ್ಷವೇ. ಆಟಿ ತಿಂಗಳ ಕಡಲಿನಲ್ಲಿ ಹಡಗು ನಡೆಸುವುದು ಹಗೆಗೂ ಕಷ್ಟವಿತ್ತು.

ಈಗ ಅದೇ ಮಳೆಯನ್ನು ದೊಡ್ಡ ಸೇನಾಕೂಟಗಳು ಅಪಾಯದ ಪಟ್ಟಿಗೆ ಸೇರಿಸಿವೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡಾ 7ರಷ್ಟು ಹೆಚ್ಚು ನೀರಾವಿ ಹೊರಬಲ್ಲದು. ಸುರಿದರೆ ಒಮ್ಮೆಲೇ ಸುರಿಯುತ್ತದೆ. 1949ರಲ್ಲಿ ಹುಟ್ಟಿದ ನೇಟೋ ಕೂಟ 2021ರ ಜೂನ್‌ನಲ್ಲಿ ಬ್ರಸೆಲ್ಸ್‌ನಲ್ಲಿ ಇದಕ್ಕೆಂದೇ ಒಂದು ಕಾರ್ಯಯೋಜನೆ ಒಪ್ಪಿತು. ಬಿಸಿಲು, ನೆರೆಗಳಿಂದ ಸೇನಾನೆಲೆಗಳಿಗೆ ಏನಾದೀತೆಂದು ವರ್ಷವರ್ಷವೂ ಅಳೆಯುವುದು, ಸಿದ್ಧವಾಗುವುದು, ತನ್ನ ಹೊಗೆಯನ್ನೂ ತಗ್ಗಿಸುವುದು ಅದರ ಉದ್ದೇಶ. ಭಾರತ ಅಂಥ ಯಾವ ಸೇನಾಕೂಟದಲ್ಲೂ ಇಲ್ಲ. ಆದರೆ 2004ರ ಸುನಾಮಿಯಲ್ಲಿ ಅಮೆರಿಕ, ಜಪಾನ್, ಆಸ್ಟ್ರೇಲಿಯಗಳೊಡನೆ ಪರಿಹಾರಕ್ಕಿಳಿದಿತ್ತು. ಕ್ವಾಡ್ ಎಂಬ ಗೆಳೆತನದ ಬೇರು ಅಲ್ಲಿದೆ. 2022ರಲ್ಲಿ ಈ ನಾಲ್ಕೂ ದೇಶಗಳು ವಿಕೋಪದ ವೇಳೆ ಒಟ್ಟಾಗಿ ನೆರವಾಗಲು ಒಪ್ಪಿಕೊಂಡವು.

ನಮಗೆ ಇದೆಲ್ಲ ದೂರದ ಮಾತೇ? 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿಯಿತು. ಬೆಳ್ತಂಗಡಿಯ ಹೊಳೆಗಳು ತೋಟ, ಮನೆಗಳಿಗೆ ನುಗ್ಗಿದವು. ಎನ್‌ಡಿಆರ್‌ಎಫ್ ಬಂತು. ಬಂದವರಿಗೆ ಕೈಮುಗಿಯೋಣ. ಆದರೆ ಸಮವಸ್ತ್ರದವರು ಬರುವುದು ನೀರು ಏರಿದ ಮೇಲೆ.

ನೀರು ಏರದಂತೆ ಮಾಡುವ ಮಾತು ಬಂದಾಗ ಲೋಕದ ಸೇನೆಗಳಿಗೆ ರಿಯಾಯಿತಿಯಿದೆ. 1997ರ ಕ್ಯೋಟೋ ಒಪ್ಪಂದದ ವೇಳೆ ಹೊರದೇಶಗಳಲ್ಲಿ ಸೇನೆ ಸುಡುವ ಇಂಧನದ ಬಹುಪಾಲನ್ನು ಲೆಕ್ಕದಿಂದ ಬಿಟ್ಟರು. 2015ರ ಪ್ಯಾರಿಸ್ ಒಪ್ಪಂದವೂ ಆ ಲೆಕ್ಕವನ್ನು ಪ್ರತ್ಯೇಕವಾಗಿ ಕೊಡಲೇಬೇಕೆಂದು ಕಟ್ಟುಮಾಡಲಿಲ್ಲ. ನಮ್ಮ ಒಲೆಯ ಹೊಗೆಗೆ ಲೆಕ್ಕವುಂಟು, ಯುದ್ಧವಿಮಾನದ್ದಕ್ಕೆ ದಾಕ್ಷಿಣ್ಯ!

ಸಂಬಂಧ ಬೆಳೆಸುವ ಮೊದಲು ನಮ್ಮ ಅಜ್ಜಿಯಂದಿರು ಕೇಳುತ್ತಿದ್ದದ್ದು, ಕಷ್ಟಕ್ಕೆ ಆಗುವ ಜನವೇ ಎಂದು. ಈ ಕೂಟಗಳನ್ನೂ ಹಾಗೆಯೇ ಕೇಳಬೇಕು: ದೋಣಿ ತರುತ್ತೀರಿ, ಸಂತೋಷ, ನಿಮ್ಮ ಹೊಗೆಯ ಲೆಕ್ಕವನ್ನೂ ತರುತ್ತೀರಾ?